ಪುಟದ ಮೇಲೊಂದು ದಿನಾಂಕ: ಕಾಲೇಜು ವೆಬ್‌ಸೈಟೊಂದರ ಪ್ರಕರಣ ಅಧ್ಯಯನ

ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿರುವ ಅನುದಾನಿತ ಪದವಿ ಕಾಲೇಜಿನ ವೆಬ್‌ಸೈಟಿನದು ಈ ಪ್ರಕರಣ. ಸೈಟು ವರ್ಡ್‌ಪ್ರೆಸ್ ಎಂಬ, ವೆಬ್‌ಸೈಟು ಕಟ್ಟಿ ನಡೆಸುವ ತಂತ್ರಾಂಶದಲ್ಲಿದೆ, ಅದರ ತಾಂತ್ರಿಕ ಉಸ್ತುವಾರಿ ನನ್ನದು. ಕಾಲೇಜಿನ ಹೆಸರು ಇಲ್ಲಿ ಮುಖ್ಯವಲ್ಲ, ತೊಂದರೆ ಮುಖ್ಯ. ಸಣ್ಣ ಸಂಸ್ಥೆಯ ಸೈಟು ನೋಡಿಕೊಳ್ಳುವ ಯಾರಿಗೇ ಆದರೂ ಇದು ಪರಿಚಿತವೇ ಇದ್ದೀತು.

ಆ ಸೈಟಿನಲ್ಲಿ ಹುಡುಗರು ಎಲ್ಲಕ್ಕಿಂತ ಹೆಚ್ಚಾಗಿ ತೆರೆಯುವುದು ವಿದ್ಯಾರ್ಥಿವೇತನದ ಪುಟವನ್ನು. ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಎರಡೂ ಪೋರ್ಟಲ್‌ಗಳಲ್ಲಿ ಅರ್ಜಿ ಹಾಕುವುದು ಹೇಗೆ, ಏನೇನು ದಾಖಲೆ ಬೇಕು, ಎಷ್ಟರೊಳಗೆ ಹಾಕಬೇಕು ಎಂಬುದೆಲ್ಲ ಅಲ್ಲಿದೆ. ಈ ಮಾಹಿತಿ ನಿಂತಲ್ಲಿ ನಿಲ್ಲುವಂಥದ್ದಲ್ಲ. ಅರ್ಜಿಯ ಕೊನೆಯ ದಿನವನ್ನು ಮುಂದೂಡುತ್ತಾರೆ, ಕೆಲವು ಸಲ ಮತ್ತೆ ಮತ್ತೆ ಮುಂದೂಡುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ತಂದರಾಯಿತು ಎಂದುಕೊಂಡ ಹುಡುಗನಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಬೇಕು, ಇಲ್ಲದಿದ್ದರೆ ಹಣ ಖಾತೆಗೆ ಬೀಳುವುದಿಲ್ಲ ಎಂಬುದು ತಡವಾಗಿ ತಿಳಿಯುತ್ತದೆ. ಇಷ್ಟೆಲ್ಲ ಬದಲಾಗುವ ಪುಟದಲ್ಲಿ ಕೊನೆಯ ದಿನವನ್ನು ಬರೆದದ್ದು ಹೀಗೆ: "ನವೆಂಬರ್ 30ರೊಳಗೆ". ಯಾವ ವರ್ಷದ ನವೆಂಬರ್ ಎಂದು ಬರೆದಿರಲಿಲ್ಲ. ಬರೆದ ವರ್ಷ ಅದು ಎಲ್ಲರಿಗೂ ಗೊತ್ತಿತ್ತು, ಮರುವರ್ಷ ಯಾರಿಗೂ ಗೊತ್ತಾಗಲಿಲ್ಲ.

"ವೆಬ್‌ಸೈಟ್‌ನ್ಯಾಗ ಮೂವತ್ತರ ತನಕಾ ಟೈಮ್ ಐತಿ ಅಂತ ಹಾಕೀರಲ್ರಿ ಸರ್" ಎಂದು ಫೋನು ಹಿಡಿದು ಕಚೇರಿಗೆ ಬಂದ ಹುಡುಗನ ಮಾತಿನಲ್ಲಿ ತಪ್ಪಿರಲಿಲ್ಲ. ಪುಟ ಹಿಂದಿನ ವರ್ಷದ್ದು, ಈ ವರ್ಷದ ಪೋರ್ಟಲ್ ಆಗಲೇ ಮುಚ್ಚಿತ್ತು. ಇಂಥವನು ಒಬ್ಬನೇ ಆಗಿರಲಿಲ್ಲ. ಹಳ್ಳಿಯಿಂದ ಬರುವ ಹುಡುಗನಿಗೆ ನಾಡಕಚೇರಿಗೊಂದು ದಿನ, ಬ್ಯಾಂಕಿಗೊಂದು ದಿನ, ಸೈಬರ್ ಸೆಂಟರಿಗೊಂದು ದಿನ. ಜೊತೆಗೆ ಬರುವ ಅಪ್ಪನಿಗೆ ಆ ದಿನದ ಕೂಲಿ ಇಲ್ಲ. ಹಳೆಯ ಪುಟವೊಂದು ಇಷ್ಟನ್ನು ಖರ್ಚು ಮಾಡಿಸುತ್ತದೆ.

ಅಡಿಯಲ್ಲಿದ್ದ ದಿನಾಂಕ

ಪುಟದ ಮೇಲೆ ದಿನಾಂಕವೇ ಇರಲಿಲ್ಲ ಎನ್ನುವಂತಿಲ್ಲ. ಸೈಟಿನ ಪ್ರತಿ ಪುಟದ ಫುಟರ್‌ನಲ್ಲೂ "ಕೊನೆಯ ನವೀಕರಣ" ಎಂಬ ಸಾಲಿತ್ತು, ಎದುರಿಗೆ ದಿನಾಂಕವೂ ಗಂಟೆಯೂ ಇದ್ದವು. ಅದು ಯಾವಾಗಲೂ ಇವತ್ತಿನ ದಿನಾಂಕ. ನಾಳೆ ತೆರೆದರೆ ನಾಳೆಯದು.

ಕಾರಣ ಹುಡುಕಿದಾಗ ಸಿಕ್ಕಿದ್ದು ಹಳೆಯ ಕಾಲದ ಒಂದು ಸಾಲು ಜಾವಾಸ್ಕ್ರಿಪ್ಟ್. ಕಾಲೇಜಿನ ಸೈಟು ಮೊದಲು ಬಿಡಿ ಬಿಡಿ ಎಚ್‌ಟಿಎಂಎಲ್ ಫೈಲುಗಳಲ್ಲಿತ್ತು. ಆಗ ಸರ್ವರ್ ಪ್ರತಿ ಫೈಲಿನ ಜೊತೆ ಅದು ಕಡೆಯದಾಗಿ ಯಾವಾಗ ಬದಲಾಯಿತು ಎಂಬುದನ್ನು 'ಲಾಸ್ಟ್ ಮಾಡಿಫೈಡ್' ಹೆಡರ್‌ನಲ್ಲಿ, ಅಂದರೆ ಪುಟದ ಜೊತೆ ಹೋಗುವ ಸಣ್ಣ ಟಿಪ್ಪಣಿಯಲ್ಲಿ, ಕಳಿಸುತ್ತಿತ್ತು, ಬ್ರೌಸರ್ ಅದನ್ನೇ ತೋರಿಸುತ್ತಿತ್ತು. ವರ್ಡ್‌ಪ್ರೆಸ್‌ಗೆ ಬಂದ ಮೇಲೆ ಪುಟ ಎಂಬ ಫೈಲೇ ಇಲ್ಲ. ಯಾರಾದರೂ ಕೇಳಿದಾಗ ಡೇಟಾಬೇಸಿನಿಂದ ತೆಗೆದು ಪುಟವನ್ನು ಆಗಲೇ ಕಟ್ಟಿಕೊಡುತ್ತದೆ, ಆ ಹೆಡರ್ ಸಾಮಾನ್ಯವಾಗಿ ಹೋಗುವುದಿಲ್ಲ. ಹೆಡರ್ ಇಲ್ಲದಿದ್ದರೆ ಬ್ರೌಸರ್ ಈ ಕ್ಷಣದ ದಿನಾಂಕ ಕೊಡಬೇಕೆಂಬುದೇ ನಿಯಮ. ಹಳೆಯ ಸೈಟಿನ ಫುಟರ್ ಅನ್ನು ಹೊಸದಕ್ಕೆ ತಂದು ಅಂಟಿಸಿದ್ದರಿಂದ, ಬಹುಶಃ ಯಾರ ಗಮನಕ್ಕೂ ಬಾರದೆ, ಒಂದು ಸರಿಯಾದ ಸಾಲು ಸುಳ್ಳು ಹೇಳತೊಡಗಿತ್ತು. ಅದೂ ತಿಂಗಳು ಮೊದಲು, ದಿನ ಆಮೇಲೆ ಬರುವ ಅಮೆರಿಕದ ಕ್ರಮದಲ್ಲಿ. ಜುಲೈ 3 ಎಂದು ನಾವು ಓದುವುದು ಅಲ್ಲಿ ಮಾರ್ಚ್ 7 ಆಗಿರುತ್ತಿತ್ತು.

ನನ್ನ ಪ್ರಕಾರ ಇದು ದಿನಾಂಕ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಿನಾಂಕವೇ ಇಲ್ಲದ ಪುಟವನ್ನು ಓದುವವರು ಒಂದಿಷ್ಟು ಅನುಮಾನಿಸುತ್ತಾರೆ, ಕಚೇರಿಗೆ ಫೋನು ಮಾಡಿ ಕೇಳುತ್ತಾರೆ. ಇವತ್ತಿನ ದಿನಾಂಕ ಹೊತ್ತ ಪುಟವನ್ನು ನಂಬುತ್ತಾರೆ. ಎಚ್ಚರಿಕೆಯಿಂದ ಫುಟರ್ ತನಕ ಓದಿ ದಿನಾಂಕ ನೋಡಿದ ಹುಡುಗನೇ ಇಲ್ಲಿ ಹೆಚ್ಚು ಮೋಸಹೋಗುತ್ತಿದ್ದ. ಆ ಸಾಲನ್ನು ಕಾರಣ ತಿಳಿದ ದಿನವೇ ಕಿತ್ತುಹಾಕಿದೆವು.

ಈ ವಿಷಯದಲ್ಲಿ ಕಾನೂನು, ಮಾರ್ಗಸೂಚಿ ಇಲ್ಲದಿಲ್ಲ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ 2009ರಲ್ಲಿ ಸಿದ್ಧಪಡಿಸಿದ ಸರ್ಕಾರಿ ವೆಬ್‌ಸೈಟುಗಳ ಮಾರ್ಗಸೂಚಿ ಮುಖಪುಟಕ್ಕೂ ಮುಖ್ಯ ಪುಟಗಳಿಗೂ ನವೀಕರಿಸಿದ ದಿನಾಂಕ ಇರಬೇಕೆನ್ನುತ್ತದೆ. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿ ಪ್ರಕಟಿಸುವ ಮಾಹಿತಿಯನ್ನು ಪ್ರತಿ ವರ್ಷ ಪರಿಷ್ಕರಿಸಬೇಕು. ಸರ್ಕಾರದಿಂದ ಗಣನೀಯ ಹಣಕಾಸು ಪಡೆಯುವ ಖಾಸಗಿ ಕಾಲೇಜುಗಳೂ ಈ ಕಾಯ್ದೆಯಡಿ ಬರುತ್ತವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಡಿ.ಎ.ವಿ. ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಪ್ರಾಂಶುಪಾಲರ ಮುಂದೆ ವಿಷಯ ಇಟ್ಟಾಗ ಈ ಮಾತುಗಳು ಉಪಯೋಗಕ್ಕೆ ಬಂದವು. ಆದರೆ ಅವರ ಮನಸ್ಸು ತಿರುಗಿಸಿದ್ದು ಫೋನು ಹಿಡಿದು ಬಂದ ಹುಡುಗರು.

ಸಣ್ಣ ಪ್ಲಗಿನ್

ವರ್ಡ್‌ಪ್ರೆಸ್ ಪ್ರತಿ ಪುಟಕ್ಕೂ ನಾಲ್ಕು ದಿನಾಂಕ ಇಟ್ಟುಕೊಂಡಿರುತ್ತದೆ. ಪ್ರಕಟವಾದದ್ದು, ಬದಲಾದದ್ದು, ಎರಡೂ ಸ್ಥಳೀಯ ಸಮಯದಲ್ಲೊಮ್ಮೆ, ಗ್ರೀನಿಚ್ ಸಮಯದಲ್ಲೊಮ್ಮೆ. ಬೇಕಾದದ್ದು ಒಳಗೇ ಇದೆ. ಆದರೆ ಬಹುತೇಕ ಥೀಮ್‌ಗಳು, ಅಂದರೆ ಸೈಟಿನ ರೂಪ ನಿರ್ಧರಿಸುವ ಸಿದ್ಧ ವಿನ್ಯಾಸಗಳು, ಸುದ್ದಿ ಬರಹಗಳಿಗೆ ಪ್ರಕಟವಾದ ದಿನ ತೋರಿಸುತ್ತವೆ, 'ಪುಟ'ಗಳಿಗೆ ಏನೂ ತೋರಿಸುವುದಿಲ್ಲ. ಶುಲ್ಕ, ಪ್ರವೇಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲ ಇರುವುದು ಪುಟಗಳಲ್ಲೇ.

ಪುಟವನ್ನು ಬಿಡಿ ಬಿಡಿ ತುಂಡುಗಳಿಂದ ಜೋಡಿಸುವ ಹೊಸ ಬ್ಲಾಕ್ ಥೀಮ್ ಇದ್ದವರಿಗೆ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ, ಬೇಕಾಗಿಯೇ ಇಲ್ಲ. ದಿನಾಂಕದ ಬ್ಲಾಕಿನಲ್ಲಿ ಬದಲಾದ ದಿನಾಂಕ ತೋರಿಸುವ ಆಯ್ಕೆ ಇದೆ. ನಮ್ಮದು ಹಳೆಯ ಬಗೆಯ ಥೀಮ್. ಅದರ ಫೈಲು ತಿದ್ದಿದರೆ ಮುಂದಿನ ಅಪ್‌ಡೇಟ್ ಬಂದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಪ್ಲಗಿನ್. 'ಡಬ್ಲ್ಯೂಪಿ ಲಾಸ್ಟ್ ಮಾಡಿಫೈಡ್ ಇನ್ಫೋ'ದಂಥ ಸಿದ್ಧ ಪ್ಲಗಿನ್‌ಗಳು ಪುಕ್ಕಟೆ ಸಿಗುತ್ತವೆ, ಹೆಚ್ಚಿನವರಿಗೆ ಅಷ್ಟು ಸಾಕು. ನಾವು ಸ್ವಂತದ್ದು ಬರೆದುಕೊಂಡದ್ದಕ್ಕೆ ಕಾರಣ ಮುಂದೆ ಬರುತ್ತದೆ.

ಬರೆಯುವುದು ಕಷ್ಟದ ಕೆಲಸವಲ್ಲ. ಪ್ಲಗಿನ್‌ಗಳ ಫೋಲ್ಡರ್‌ನಲ್ಲಿ ಒಂದೇ ಒಂದು ಪಿಎಚ್‌ಪಿ ಫೈಲ್, ಮೇಲ್ಗಡೆ ಕಾಮೆಂಟಿನಲ್ಲಿ ಅದರ ಹೆಸರು. ಪುಟದ ಬರಹ ಹೊರಬೀಳುವ ಮುನ್ನ ಅದನ್ನು ಹಾಯಿಸುವ 'ದಿ ಕಂಟೆಂಟ್' ಎಂಬ ಫಿಲ್ಟರ್ ಇದೆ. ಅಲ್ಲಿ ನಮ್ಮ ಫಂಕ್ಷನ್ ನಿಂತು, ತೋರುತ್ತಿರುವುದು ಬಿಡಿ ಪುಟವೇ ಎಂದು ನೋಡಿ, ಬದಲಾದ ದಿನಾಂಕ ಕೇಳಿ, ಬರಹದ ತಲೆಯ ಮೇಲೆ ಒಂದು ಸಾಲು ಸೇರಿಸುತ್ತದೆ. ಸೈಟಿನ ಭಾಷೆ ಕನ್ನಡ ಎಂದು ಇಟ್ಟಿದ್ದರೆ ತಿಂಗಳ ಹೆಸರು ತಾನಾಗಿ ಕನ್ನಡದಲ್ಲೇ ಬರುತ್ತದೆ. "14 ಜುಲೈ 2025" ಎಂದು ತಿಂಗಳನ್ನು ಅಕ್ಷರದಲ್ಲಿ ಬರೆದರೆ ಮಾರ್ಚ್-ಜುಲೈ ಗೊಂದಲ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕಾಲವಲಯ ಯುಟಿಸಿ (ಗ್ರೀನಿಚ್ ಸಮಯ) ಎಂದೇ ಉಳಿದಿತ್ತು, ಅದನ್ನು ಕೋಲ್ಕತಾ (ಭಾರತದ ಸಮಯ) ಮಾಡಿದೆವು. ಇಲ್ಲದಿದ್ದರೆ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಮಾಡಿದ ಬದಲಾವಣೆಗೆ ಹಿಂದಿನ ದಿನದ ದಿನಾಂಕ ಬೀಳುತ್ತದೆ.

ಸಾಲು ಮೇಲೆ ಇರಬೇಕೋ ಕೆಳಗೋ ಎಂಬುದಕ್ಕೆ ಉತ್ತರ ಕೊಟ್ಟದ್ದು ವಾಟ್ಸ್ಆ್ಯಪ್. ಹುಡುಗರು ಪುಟದ ಲಿಂಕ್ ಕಳಿಸುವುದು ಕಡಿಮೆ, ಸ್ಕ್ರೀನ್‌ಶಾಟ್ ತೆಗೆದು ತರಗತಿಯ ಗುಂಪಿಗೆ ಹಾಕುತ್ತಾರೆ. ಆ ಚಿತ್ರ ವರ್ಷಗಟ್ಟಲೆ ತಿರುಗುತ್ತದೆ. ದಿನಾಂಕ ಶೀರ್ಷಿಕೆಯ ಬುಡದಲ್ಲೇ ಇದ್ದರೆ ಚಿತ್ರದ ಜೊತೆ ಅದೂ ಹೋಗುತ್ತದೆ. "3 ದಿನಗಳ ಹಿಂದೆ" ಎಂಬ ಧಾಟಿಯನ್ನು ಬೇಡವೆಂದದ್ದೂ ಇದಕ್ಕೇ. ಹೋದ ವರ್ಷದ ಸ್ಕ್ರೀನ್‌ಶಾಟಿನಲ್ಲೂ ಅದು ಮೂರು ದಿನಗಳ ಹಿಂದೆಯೇ ಆಗಿರುತ್ತದೆ.

ಡೇಟಾಬೇಸ್ ಹೇಳಿದ್ದು, ಹೇಳದೇ ಇದ್ದದ್ದು

ಸಾರ್ವಜನಿಕರಿಗೆ ತೋರಿಸುವ ಮುಂಚೆ ಕೆಲವು ಕಾಲ ಲಾಗಿನ್ ಆದ ಸಿಬ್ಬಂದಿಗೆ ಮಾತ್ರ ಆ ಸಾಲು ಕಾಣುವಂತೆ ಇಟ್ಟೆವು. ಈ ಹಂತವನ್ನು ಯಾರೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಣ್ಣಿಗೆ ಬಿದ್ದದ್ದು, ಒಂದಕ್ಕೊಂದು ಸಂಬಂಧವೇ ಇಲ್ಲದ ಪುಟಗಳಿಗೆಲ್ಲ ಒಂದೇ ದಿನಾಂಕ. ಎನ್‌ಎಸ್‌ಎಸ್ ಘಟಕ, ಹಾಸ್ಟೆಲ್ ಶುಲ್ಕ, ಗ್ರಂಥಾಲಯದ ನಿಯಮ ಎಲ್ಲವೂ ಒಂದೇ ಮಧ್ಯಾಹ್ನ ಬದಲಾಗಿದ್ದವಂತೆ. ನಿಜಕ್ಕೂ ಆ ಮಧ್ಯಾಹ್ನ ಆದದ್ದಿಷ್ಟೇ: ಪುಟಗಳಲ್ಲಿ ಪ್ರತಿಕ್ರಿಯೆ ಬರೆಯುವ ಸೌಲಭ್ಯವನ್ನು ಬಲ್ಕ್ ಎಡಿಟ್‌ನಲ್ಲಿ ಒಟ್ಟಿಗೇ ಮುಚ್ಚಲಾಗಿತ್ತು. ಬರಹದ ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಸೇವ್ ಮಾಡಿದ್ದೆಲ್ಲ ವರ್ಡ್‌ಪ್ರೆಸ್ ಲೆಕ್ಕದಲ್ಲಿ ಬದಲಾವಣೆಯೇ.

ಇದರ ತಿರುಗುಮುರುಗು ಇನ್ನೊಂದು ಕಡೆ. ಶುಲ್ಕದ ಪುಟಕ್ಕೆ ಎರಡು ವರ್ಷ ಹಳೆಯ ದಿನಾಂಕ ತೋರುತ್ತಿತ್ತು, ಒಳಗಿನ ಅಂಕಿಗಳು ಮಾತ್ರ ಈ ವರ್ಷದವು. ಶುಲ್ಕದ ಕೋಷ್ಟಕ ಟೇಬಲ್‌ಪ್ರೆಸ್ ಎಂಬ ಬೇರೊಂದು ಪ್ಲಗಿನ್‌ನಲ್ಲಿದೆ, ಪುಟದಲ್ಲಿರುವುದು ಅದನ್ನು ಕರೆಯುವ ಶಾರ್ಟ್‌ಕೋಡ್ ಎಂಬ ಪುಟ್ಟ ಸಂಕೇತ ಮಾತ್ರ. ಗುಮಾಸ್ತರು ಕೋಷ್ಟಕ ತಿದ್ದಿದರೆ ಕೋಷ್ಟಕದ ದಿನಾಂಕ ಬದಲಾಗುತ್ತದೆ, ಅದನ್ನು ಹೊತ್ತ ಪುಟದ್ದಲ್ಲ. ಹಲವು ಪುಟಗಳಲ್ಲಿ ಒಟ್ಟಿಗೆ ಬಳಸುವ ಸಿಂಕ್ ಆದ ಪ್ಯಾಟರ್ನ್‌ಗಳದ್ದೂ ಇದೇ ಕತೆ. ಸಹಾಯವಾಣಿಯ ಸಮಯ ಬದಲಿಸಿದರೆ ಅದು ಕಾಣುವ ಎಲ್ಲ ಪುಟಗಳೂ ಬದಲಾಗುತ್ತವೆ, ಯಾವುದರ ದಿನಾಂಕವೂ ಅಲುಗುವುದಿಲ್ಲ. ಮುಂದಿನ ವಾರಕ್ಕೆಂದು ಮೊದಲೇ ಬರೆದು ಸಮಯ ಗೊತ್ತುಮಾಡಿಟ್ಟ ಸುದ್ದಿಗಳಲ್ಲಂತೂ ಬದಲಾದ ದಿನ ಪ್ರಕಟವಾದ ದಿನಕ್ಕಿಂತ ಹಿಂದಿನದು. ಪ್ರಕಟವಾಗುವ ಹೊತ್ತಿನಲ್ಲಿ ವರ್ಡ್‌ಪ್ರೆಸ್ ಸ್ಥಿತಿಯನ್ನಷ್ಟೇ ಬದಲಿಸುತ್ತದೆ.

ಬಲ್ಕ್ ಎಡಿಟ್ ಗೋಜಲಿಗೆ ಒಂದು ಒಳ್ಳೆಯ ದಾರಿ ಸಿಕ್ಕಿತು. ವರ್ಡ್‌ಪ್ರೆಸ್ ಹಳೆಯ ಆವೃತ್ತಿಗಳನ್ನು ಕಾಪಿಡುತ್ತದಲ್ಲ, ಆ ರಿವಿಷನ್ ಹುಟ್ಟುವುದು ಶೀರ್ಷಿಕೆ, ಬರಹ, ಸಾರಾಂಶ ಇವುಗಳಲ್ಲಿ ಏನಾದರೂ ಬದಲಾದಾಗ. ಪ್ರತಿಕ್ರಿಯೆ ಮುಚ್ಚಿದ್ದಕ್ಕೆ ರಿವಿಷನ್ ಹುಟ್ಟಿರಲಿಲ್ಲ. ಹಾಗಾಗಿ ಪ್ಲಗಿನ್ ಈಗ ಕಡೆಯ ರಿವಿಷನ್‌ನ ದಿನಾಂಕವನ್ನು ನೋಡುತ್ತದೆ, ಅದು ಇಲ್ಲದಿದ್ದರೆ ಮಾತ್ರ ಬದಲಾದ ದಿನಾಂಕದ ಅಂಕಣವನ್ನು. ಕೋಷ್ಟಕವಿರುವ ಪುಟಗಳಲ್ಲಿ ಟೇಬಲ್‌ಪ್ರೆಸ್‌ನದೇ ಇನ್ನೊಂದು ಶಾರ್ಟ್‌ಕೋಡ್‌ನಿಂದ ಕೋಷ್ಟಕ ತಿದ್ದಿದ ದಿನವನ್ನು ಅದರ ಕೆಳಗೇ ಹಾಕಿದೆವು.

ಇಷ್ಟಾದರೂ ಮೂಲ ತೊಂದರೆ ಅಲ್ಲೇ ಉಳಿಯಿತು. ಹಾಸ್ಟೆಲ್ ಪುಟದಲ್ಲಿ ಒಂದು ಕಾಗುಣಿತ ತಿದ್ದಿದರೂ ಹೊಸ ರಿವಿಷನ್, ಹೊಸ ದಿನಾಂಕ. ಆದರೆ ಆ ದಿನ ಯಾರೂ ಹಾಸ್ಟೆಲ್ ಶುಲ್ಕ ಸರಿಯಿದೆಯೇ ಎಂದು ನೋಡಿಲ್ಲ. ಇನ್ನೊಂದು ಪುಟವನ್ನು ವಾರ್ಡನ್ ಬಂದು ಪೂರ್ತಿ ಓದಿ, ಎಲ್ಲ ಸರಿಯಿದೆ ಎಂದು ಎದ್ದುಹೋದರು. ಬದಲಿಸುವಂಥದ್ದೇನೂ ಇಲ್ಲದ ಕಾರಣ ಅದು ಹಳೆಯ ದಿನಾಂಕದಲ್ಲೇ ಉಳಿಯಿತು. ಓದುವವನಿಗೆ ಬೇಕಾದದ್ದು ಯಾರೋ ಗುಂಡಿ ಒತ್ತಿದ ದಿನವಲ್ಲ, ತಿಳಿದವರು ನೋಡಿ ಸರಿಯಿದೆ ಎಂದ ದಿನ. ಅದನ್ನು ಯಾವ ಡೇಟಾಬೇಸೂ ತಾನಾಗಿ ಹೇಳಲಾರದು. ಮನುಷ್ಯರೇ ಹೇಳಬೇಕು.

ಪರಿಶೀಲಿಸಿದ ದಿನ

ಪ್ಲಗಿನ್ ನಾವೇ ಬರೆದುಕೊಂಡದ್ದು ಇದಕ್ಕಾಗಿ. ಪುಟ ತಿದ್ದುವ ಪರದೆಯ ಬದಿಯಲ್ಲಿ ಮೂರು ಖಾನೆ ಸೇರಿಸಿದೆವು: ಪರಿಶೀಲಿಸಿದ ದಿನ, ಪರಿಶೀಲಿಸಿದ ವಿಭಾಗ, ಯಾವ ಸುತ್ತೋಲೆಯ ಆಧಾರ. ತುಂಬಿದರೆ ಪುಟದ ಮೇಲೆ ಹೀಗೆ ಕಾಣುತ್ತದೆ: "ಈ ಮಾಹಿತಿಯನ್ನು ಪರಿಶೀಲಿಸಿದ್ದು: 14 ಜುಲೈ 2025, ವಿದ್ಯಾರ್ಥಿವೇತನ ವಿಭಾಗ". ಯಂತ್ರ ಕೊಡುವ ದಿನಾಂಕವನ್ನು ಡ್ಯಾಶ್‌ಬೋರ್ಡಿನ ಪಟ್ಟಿಗೆ ಸರಿಸಿದೆವು. ಸಿಬ್ಬಂದಿಗೆ ಅದು ಬೇಕು, ಓದುಗರಿಗೆ ಬೇಡ.

ಸಾಲಿನ ಮಾತುಗಳನ್ನು ಆರಿಸುವಾಗ "ಕೊನೆಯ" ಎಂಬುದನ್ನೇ ಬಿಟ್ಟೆವು. ವಿದ್ಯಾರ್ಥಿವೇತನದ ಪುಟದ ತಲೆಯಲ್ಲಿ "ಕೊನೆಯ ನವೀಕರಣ" ಎಂದು ಬರೆದು ಮುಂದೆ ದಿನಾಂಕವಿಟ್ಟರೆ, ಅವಸರದಲ್ಲಿ ಓದುವವರು ಅದನ್ನು ಅರ್ಜಿಯ ಕೊನೆಯ ದಿನವೆಂದೇ ತಿಳಿಯುತ್ತಾರೆ. ಪರೀಕ್ಷಾರ್ಥವಾಗಿ ಕೆಲವು ವಿದ್ಯಾರ್ಥಿಗಳಿಗೆ ತೋರಿಸಿದಾಗ ಆದದ್ದೂ ಅದೇ.

ಪ್ರಾಂಶುಪಾಲರ ಕೊಠಡಿಯಲ್ಲಿ ಚರ್ಚೆ ಬಿಸಿಯಾದದ್ದು ಬೇರೆ ಕಾರಣಕ್ಕೆ. "ನೋಡ್ರಿ, ಹಳೇ ತಾರೀಖು ಕಂಡ್ರ ನ್ಯಾಕ್ ತಂಡದವ್ರು ಏನಂತಾರ?" ಎಂಬುದು ಅವರ ಆತಂಕ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್. ಹಿರಿಯರೊಬ್ಬರು ಪ್ರತಿ ರಾತ್ರಿ ಎಲ್ಲ ಪುಟಗಳ ದಿನಾಂಕ ತಾನಾಗಿ ಹೊಸದಾಗುವಂತೆ ಮಾಡಿಬಿಡಿ ಎಂದರು. ತಾಂತ್ರಿಕವಾಗಿ ಅದು ಕೆಲವೇ ಸಾಲಿನ ಕೆಲಸ, ಆದರೆ ಮಾಡಬಾರದ ಕೆಲಸ. ನಾವು ಕಿತ್ತುಹಾಕಿದ ಫುಟರ್ ಸಾಲು ಗೊತ್ತಿಲ್ಲದೆ ಮಾಡುತ್ತಿದ್ದುದನ್ನು ಗೊತ್ತಿದ್ದೇ ಮಾಡಿದಂತಾಗುತ್ತದೆ. ಗೂಗಲ್ ಕೂಡ ಹೊಸ ಮಾಹಿತಿ ಸೇರಿಸದೆ ದಿನಾಂಕ ಮಾತ್ರ ಬದಲಿಸಬೇಡಿ ಎಂದೇ ಹೇಳುತ್ತದೆ. ಸೈಟ್‌ಮ್ಯಾಪಿನಲ್ಲಿ, ಅಂದರೆ ಹುಡುಕುತಾಣಗಳಿಗೆಂದು ಇಡುವ ಪುಟಗಳ ಪಟ್ಟಿಯಲ್ಲಿ, ಕೊಡುವ ಬದಲಾದ ದಿನಾಂಕಗಳನ್ನೂ ಅವು ನಂಬಲರ್ಹವಾಗಿದ್ದರಷ್ಟೇ ಬಳಸುತ್ತದೆ.

ಗಂಟು ಬಿಡಿಸಿದವರು ವಿದ್ಯಾರ್ಥಿವೇತನ ನೋಡಿಕೊಳ್ಳುವ ದ್ವಿತೀಯ ದರ್ಜೆ ಸಹಾಯಕಿ. "ಸರ್, ಕಾಲೇಜಿನ ಇತಿಹಾಸದ ಪುಟಕ್ಕ ತಾರೀಖು ಯಾಕ್ರಿ? ಕಾಲೇಜು ಸುರು ಆದ ವರ್ಷ ಏನ್ ಬದಲಾಗೂದಿಲ್ಲ. ನನ್ನ ಪುಟಕ್ಕ ಹಾಕ್ರಿ. ಹುಡುಗ್ರು ಬಂದು ಕೇಳೂದು ನನ್ನನ್ನ." ಅಷ್ಟು ನೇರವಾದ ಮಾತಿಗೆ ಎದುರು ಮಾತು ಬರಲಿಲ್ಲ. ಹಳಸುವ ಪುಟಗಳು ಯಾವುವು, ಹಳಸದವು ಯಾವುವು ಎಂದು ಅಲ್ಲೇ ಕೂತು ಪಟ್ಟಿ ಮಾಡಿದೆವು. ಪ್ರವೇಶ, ಶುಲ್ಕ, ವಿದ್ಯಾರ್ಥಿವೇತನ, ಹಾಸ್ಟೆಲ್, ಪರೀಕ್ಷಾ ವೇಳಾಪಟ್ಟಿ, ಅಧ್ಯಾಪಕರ ಪಟ್ಟಿ ಇವಕ್ಕೆ ಮಾತ್ರ ದಿನಾಂಕ. ಸಂಸ್ಥಾಪಕರ ಪರಿಚಯ, ಧ್ಯೇಯ, ಇತಿಹಾಸ ಇವಕ್ಕಿಲ್ಲ. ಪ್ರಾಂಶುಪಾಲರ ಆತಂಕದ ಬಹುಪಾಲು ಅಲ್ಲಿಗೆ ಮುಗಿಯಿತು.

ಗಡುವನ್ನೂ ಪುಟಕ್ಕೆ ತಕ್ಕಂತೆ ಇಟ್ಟೆವು. ಅರ್ಜಿಯ ಹಂಗಾಮಿನಲ್ಲಿ ವಿದ್ಯಾರ್ಥಿವೇತನದ ಪುಟಕ್ಕೆ 15 ದಿನ, ಉಳಿದವಕ್ಕೆ 6 ತಿಂಗಳು. ಗಡುವು ದಾಟಿದರೆ ಸಾಲು ಹಳದಿಯಾಗಿ, "ಈ ಮಾಹಿತಿ ಹಳೆಯದಾಗಿರಬಹುದು, ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ" ಎಂದು ಬದಲಾಗುತ್ತದೆ. ಇಲ್ಲೊಂದು ತೊಡಕು ಕ್ಯಾಶ್‌ನದು, ಅಂದರೆ ಮೊದಲೇ ಕಟ್ಟಿಟ್ಟುಕೊಂಡ ಪುಟದ ಪ್ರತಿಯದು. ಸರ್ವರ್‌ನಲ್ಲಿ ಪುಟದ ಸಿದ್ಧ ಪ್ರತಿ ಉಳಿದಿದ್ದರೆ ಗಡುವು ದಾಟಿದರೂ ಹಳದಿ ಬರುವುದಿಲ್ಲ, ಏಕೆಂದರೆ ಪುಟವನ್ನು ಯಾರೂ ಹೊಸದಾಗಿ ಕಟ್ಟುತ್ತಿಲ್ಲ. ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ, ವರ್ಡ್‌ಪ್ರೆಸ್‌ನ ಒಳಗಿನ ಕ್ರಾನ್ ವ್ಯವಸ್ಥೆಯನ್ನು ನೆಚ್ಚಿಕೊಳ್ಳುವುದೂ ಕಷ್ಟ. ಅದು ಎಚ್ಚರವಾಗುವುದು ಯಾರಾದರೂ ಸೈಟಿಗೆ ಬಂದು ಪಿಎಚ್‌ಪಿ ಓಡಿದಾಗ. ಆದ್ದರಿಂದ ಹೋಲಿಸುವ ಕೆಲಸವನ್ನು ಓದುಗರ ಬ್ರೌಸರಿಗೇ ಬಿಟ್ಟೆವು. ಪುಟದಲ್ಲಿ ಪರಿಶೀಲಿಸಿದ ದಿನವೂ ಗಡುವೂ ಅಡಗಿರುತ್ತವೆ, ಪುಟ್ಟ ಸ್ಕ್ರಿಪ್ಟ್ ಇವತ್ತಿನ ದಿನದೊಡನೆ ಹೋಲಿಸಿ ಬಣ್ಣ ಬದಲಿಸುತ್ತದೆ. ಜಾವಾಸ್ಕ್ರಿಪ್ಟ್ ಓಡದಿದ್ದರೂ ದಿನಾಂಕ ಹೇಗೂ ಕಾಣುತ್ತದೆ.

ಪರಿಶೀಲಿಸಿದ ದಿನದ ಖಾನೆಯಲ್ಲಿ ಇವತ್ತಿನ ದಿನಾಂಕ ತಾನಾಗಿ ಬಂದು ಕೂರದಂತೆ ಬೇಕೆಂದೇ ಖಾಲಿ ಬಿಟ್ಟಿದ್ದೇವೆ. ತುಂಬಿಯೇ ಇದ್ದರೆ ಓದದೆ ಉಳಿಸುವುದು ಯಾರಿಗಾದರೂ ರೂಢಿಯಾಗಿಬಿಡುತ್ತದೆ. ಸುತ್ತೋಲೆಯ ಖಾನೆಯೂ ಅದಕ್ಕೇ. ಸುತ್ತೋಲೆಯ ದಿನ ಬರೆಯಬೇಕಾದರೆ ಅದನ್ನು ತೆರೆದು ನೋಡಲೇಬೇಕು.

ಆದದ್ದೂ ಉಳಿದದ್ದೂ

ಕಚೇರಿಯಲ್ಲಿ ಕಂಡ ಬದಲಾವಣೆಯೆಂದರೆ, ಮಾತಿನ ಧಾಟಿ ಬದಲಾದದ್ದು. ಪುಟ ತೋರಿಸಿ ಜಗಳಕ್ಕೆ ನಿಲ್ಲುತ್ತಿದ್ದವರು ಈಗ, "ಮೇಡಂ, ಇದು ಹೋದ ತಿಂಗಳದ್ದೈತಿ, ಮತ್ತ ಮುಂದ ಹಾಕ್ಯಾರೇನ್ರಿ?" ಎಂದು ಕೇಳುತ್ತಾರೆ. ಹಳದಿ ಸಾಲು ಕಂಡರೆ ಮೊದಲು ಫೋನು ಮಾಡುತ್ತಾರೆ. ಕೊನೆಯ ದಿನವನ್ನು ವರ್ಷ ಸೇರಿಸಿಯೇ ಬರೆಯಬೇಕೆಂಬ ನಿಯಮವೂ ಜೊತೆಗೇ ಬಂತು. ಅದಕ್ಕೆ ಪ್ಲಗಿನ್ ಬೇಕಿರಲಿಲ್ಲ.

ಪಿಡಿಎಫ್‌ಗಳು ಇನ್ನೂ ಬಗೆಹರಿದಿಲ್ಲ. ಪ್ರಾಸ್ಪೆಕ್ಟಸ್, ಅರ್ಜಿ ನಮೂನೆ, ಶುಲ್ಕ ವಿವರ ಇವನ್ನು ಹಳೆಯ ಹೆಸರಿನಲ್ಲೇ ಎಫ್‌ಟಿಪಿ ಮೂಲಕ ನೇರವಾಗಿ ಸರ್ವರ್‌ಗೆ ಹಾಕಿದರೆ ವರ್ಡ್‌ಪ್ರೆಸ್‌ಗೆ ಸುದ್ದಿಯೇ ಇರುವುದಿಲ್ಲ. ಮೀಡಿಯಾ ಲೈಬ್ರರಿಯಲ್ಲಿ ಮೊದಲ ಸಲ ಹಾಕಿದ ದಿನವೇ ಇರುತ್ತದೆ. ಸದ್ಯಕ್ಕೆ ಫೈಲಿನ ಹೆಸರಿನಲ್ಲೂ ಒಳಗಿನ ಮೊದಲ ಪುಟದಲ್ಲೂ ವರ್ಷ, ತಿಂಗಳು ಬರೆಯುವ ಕ್ರಮ ಇಟ್ಟುಕೊಂಡಿದ್ದೇವೆ. ಎಲ್ಲರೂ ಪಾಲಿಸುತ್ತಿಲ್ಲ.

ನಾವು ಹುಡುಕದೆಯೇ ಸಿಕ್ಕ ಸಂಗತಿಯೊಂದಿದೆ. ಸೈಟಿನ ಮುಖ್ಯ ಪುಟಗಳಿಗೆ ಕನ್ನಡದ್ದೊಂದು, ಇಂಗ್ಲಿಷಿನದೊಂದು ರೂಪವಿದೆ. ಡ್ಯಾಶ್‌ಬೋರ್ಡಿನ ಪಟ್ಟಿಯಲ್ಲಿ ದಿನಾಂಕದ ಅಂಕಣ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಕನ್ನಡದ ಪುಟ ಹೆಚ್ಚುಕಡಿಮೆ ಎಲ್ಲ ಕಡೆಯೂ ತಿಂಗಳುಗಟ್ಟಲೆ ಹಿಂದಿತ್ತು. ತಪಾಸಣೆಗೆ ಬರುವವರು ನೋಡುವುದು ಇಂಗ್ಲಿಷ್ ಪುಟವನ್ನು, ಅದನ್ನು ಮೊದಲು ತಿದ್ದುತ್ತಿದ್ದರು. ಕನ್ನಡದ್ದನ್ನು ಪುರುಸೊತ್ತಾದಾಗ ನೋಡೋಣ ಎಂದು ಬಿಡುತ್ತಿದ್ದರು. ಫೋನು ಹಿಡಿದು ಬರುವ ಹುಡುಗರು ಓದುವುದು ಕನ್ನಡದ್ದನ್ನೇ. ಪಟ್ಟಿ ನೋಡಿದ ಪ್ರಾಂಶುಪಾಲರು ಹಳಸುವ ಪುಟಗಳಲ್ಲಿ ಕನ್ನಡದ್ದನ್ನೇ ಮೊದಲು ತಿದ್ದಬೇಕೆಂದು ಸೂಚನೆ ಹೊರಡಿಸಿದರು. ಪ್ಲಗಿನ್‌ಗೆ ಒಂದು ಸಣ್ಣ ತಪಾಸಣೆ ಸೇರಿಸಿದ್ದೇವೆ: ಕನ್ನಡ ಪುಟದ ಪರಿಶೀಲನೆಯ ದಿನ ಇಂಗ್ಲಿಷಿನದಕ್ಕಿಂತ ಹಿಂದಿನದಾಗಿದ್ದರೆ ಪಟ್ಟಿಯಲ್ಲಿ ಆ ಸಾಲು ಕೆಂಪಾಗುತ್ತದೆ, ಅದನ್ನು ಬಿಳಿ ಮಾಡುವ ಹೊಣೆ ಆಯಾ ವಿಭಾಗದ್ದು.